ಗಾಜು ಸುಮ್ನೆ ಬಿರುಕು ಬಿಡುವುದಿಲ್ಲ, ಅಂಚು ನೋಡಿ

ಜನವರಿಯ ಒಂದು ಬೆಳಿಗ್ಗೆ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಒಂದರಿಂದ ಫೋನ್ ಬಂತು. ಮಲಗುವ ಕೋಣೆಯ ಕಿಟಕಿ ಗಾಜು ಬಿರುಕು ಬಿಟ್ಟಿತ್ತು. ಡಬಲ್ ಗ್ಲೇಜ್ಡ್ ಕಿಟಕಿ ಅದು. ಎರಡು ಗಾಜು, ನಡುವೆ 12 ಮಿಲಿಮೀಟರ್ ಗಾಳಿ, ಸುತ್ತ ಸೀಲ್. ಒಡೆದದ್ದು ಒಳಗಿನ ಗಾಜು ಮಾತ್ರ. ಹಿಂದಿನ ದಿನ ಕಿಟಕಿ ಒರೆಸಿದವರು ಮನೆಕೆಲಸದ ಅಮ್ಮ. ಅನುಮಾನ ಅವರ ಮೇಲೆ. ನಾನು ಹೋದಾಗ ಅಡುಗೆಮನೆ ಬಾಗಿಲಲ್ಲಿ ನಿಂತು, "ನಾನೇನೂ ತಾಗಿಸಿಲ್ಲ ಸಾರ್" ಅಂದರು.

ಏಟು ಬಿದ್ದ ಗಾಜಿನಲ್ಲಿ ಒಂದು ಚುಕ್ಕೆ ಇರುತ್ತದೆ. ಅಲ್ಲಿಂದ ಜೇಡರ ಬಲೆಯ ಹಾಗೆ ಗೆರೆಗಳು ಹರಡುತ್ತವೆ. ಇಲ್ಲಿ ಚುಕ್ಕೆಯೇ ಇರಲಿಲ್ಲ. ಇದ್ದದ್ದು ಒಂದೇ ಬಿರುಕು. ಕೆಳಗಿನ ಅಂಚಿನಿಂದ, ಬಡಗಿ ಮೂಲೆಮಟ್ಟ ಇಟ್ಟು ಗೆರೆ ಎಳೆದಂತೆ ಎರಡು ಇಂಚು ನೆಟ್ಟಗೆ ಎದ್ದಿತ್ತು. ಆಮೇಲೆ ಹಾವಿನ ಹಾಗೆ ಬಳುಕಿ ಮೇಲಕ್ಕೆ ಹೋಗಿತ್ತು. ಇದು ಬಿಸಿಯಿಂದ ಬಂದ ಬಿರುಕು. ಆ ಅಮ್ಮನನ್ನೂ ಹತ್ತಿರ ಕರೆದು, ಮನೆಯವರಿಗೆ ಅದನ್ನು ಬೆರಳಿಟ್ಟು ತೋರಿಸಿದೆ.

ಕಿಟಕಿ ಪೂರ್ವಕ್ಕೆ ಮುಖ ಮಾಡಿತ್ತು. ಡಿಸೆಂಬರಿನಲ್ಲಿ ಒಳಗಿನ ಗಾಜಿಗೆ ಕಪ್ಪು ಸನ್ ಫಿಲ್ಮ್ ಅಂಟಿಸಿದ್ದರು. ದಪ್ಪ ಪರದೆ ಅರ್ಧಕ್ಕೆ ಎಳೆದಿತ್ತು. ಚಳಿಗಾಲದಲ್ಲಿ ಆಕಾಶ ಶುಭ್ರ, ಸೂರ್ಯ ಕೆಳಗಿರುತ್ತಾನೆ, ಬಿಸಿಲು ಗಾಜಿಗೆ ನೇರವಾಗಿ ಹೊಡೆಯುತ್ತದೆ. ಫಿಲ್ಮ್ ಆ ಬಿಸಿಯನ್ನು ಹೀರಿ ಗಾಜನ್ನು ಕಾಯಿಸುತ್ತದೆ. ಹೊರಗೆ ಹೋಗೋಣ ಅಂದರೆ ನಡುವಿನ ಗಾಳಿ ಬಿಡುವುದಿಲ್ಲ, ಒಳಗೆ ಹೋಗೋಣ ಅಂದರೆ ಪರದೆ. ಗಾಜಿನ ಮಧ್ಯಭಾಗ ಕಾದು ಹಿಗ್ಗುತ್ತದೆ. ಫ್ರೇಮಿನೊಳಗೆ ಅಡಗಿರುವ ಅಂಚು ಇನ್ನೂ ರಾತ್ರಿಯ ತಂಪಿನಲ್ಲೇ ಇರುತ್ತದೆ. ಮಧ್ಯ ಹಿಗ್ಗಿ ಅಂಚನ್ನು ಎಳೆಯುತ್ತದೆ. ಅದುಮಿದರೆ ಗಾಜು ಚೆನ್ನಾಗಿ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಸಾದಾ ಗಾಜಿನಲ್ಲಿ ಮಧ್ಯಕ್ಕೂ ಅಂಚಿಗೂ 30–40 ಡಿಗ್ರಿ ವ್ಯತ್ಯಾಸ ಬಂದರೆ ಸಾಕು, ಅಪಾಯ.

ಆದರೆ ಪಕ್ಕದ ಕಿಟಕಿಗೂ ಅದೇ ಫಿಲ್ಮ್, ಅದೇ ಬಿಸಿಲು. ಅದೇಕೆ ಒಡೆಯಲಿಲ್ಲ? ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ಬಟ್ಟೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಹರಿಯುವುದನ್ನು ನೋಡಿದ್ದೀರಿ ಅಲ್ವಾ? ಅಂಚಿಗೆ ಕತ್ತರಿಯಲ್ಲಿ ಒಂದು ಸಣ್ಣ ಕಚ್ಚು ಹಾಕಿ, ಸರ್ರನೆ ಹರಿಯುತ್ತಾರೆ. ಕಚ್ಚು ಇಲ್ಲದಿದ್ದರೆ ಎಷ್ಟು ಎಳೆದರೂ ಕಷ್ಟ. ಗಾಜನ್ನು ಫ್ರೇಮಿಗೆ ಹಿಡಿದಿಡುವ ಪಟ್ಟಿ, ಬೀಡಿಂಗ್, ಬಿಚ್ಚಿ ನೋಡಿದೆವು. ಬಿರುಕು ಶುರುವಾದ ಜಾಗದಲ್ಲೇ ಅಕ್ಕಿಕಾಳಿಗಿಂತ ಚಿಕ್ಕ ಚಕ್ಕೆ ಎದ್ದಿತ್ತು. ಕತ್ತರಿಸುವಾಗಲೋ ಲಾರಿಯಿಂದ ಇಳಿಸುವಾಗಲೋ ಆದ ಪೆಟ್ಟು. ಫ್ರೇಮ್ ಅದನ್ನು ಮುಚ್ಚಿಕೊಂಡಿತ್ತು, ಅಷ್ಟೇ. ಗಾಜಿನ ಕೆಳಗೆ ಇಡಬೇಕಾದ ರಬ್ಬರ್ ಪ್ಯಾಕಿಂಗ್ ಜಾರಿ, ಗಾಜು ಅಲ್ಯೂಮಿನಿಯಂ ಮೇಲೇ ಕೂತಿದ್ದರೂ ಇಂಥದ್ದೇ ಗಾಯ ಆಗುತ್ತದೆ.

ಒಡೆದ ಗಾಜನ್ನು ಕೆಲಸದವರು ಕುಟ್ಟಿ ತೆಗೆದುಬಿಟ್ಟರೆ ಈ ಸಾಕ್ಷಿ ಹೋಯಿತು. ಅದಕ್ಕೇ ಮೊದಲು ಅಂಚಿನ ಫೋಟೋ ತೆಗೆಯಿರಿ, ಹತ್ತಿರದಿಂದ.

ಅಲ್ಲಿ ಅಂಚು ಉಜ್ಜಿದ ಟಫನ್ಡ್ ಗಾಜು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು, ಹಾಕಿಸಿದೆ. ಅದು 200 ಡಿಗ್ರಿಯಷ್ಟು ವ್ಯತ್ಯಾಸ ತಾಳುತ್ತದೆ. ಬಿಸಿಲು ತಡೆಯಬೇಕಿದ್ದರೆ ಹೊರಗೇ ತಡೆಯಿರಿ. ಚಜ್ಜವೋ ಬಿದಿರಿನ ಪರದೆಯೋ, ಯಾವುದಾದರೂ ಸರಿ. ಡಬಲ್ ಗ್ಲೇಜ್ಡ್ ಗಾಜಿಗೆ ತಯಾರಕರನ್ನು ಕೇಳದೆ ಫಿಲ್ಮ್ ಅಂಟಿಸಲೇಬೇಡಿ. ಏಸಿಯ ತಣ್ಣನೆ ಗಾಳಿ ನೇರವಾಗಿ ಗಾಜಿಗೆ ಬಡಿಯುವುದೂ ಒಳ್ಳೆಯದಲ್ಲ.

ಟಫನ್ಡ್ ಗಾಜಿಗೂ ಒಂದು ಒಳಶತ್ರು ಇದೆ, ನಿಕಲ್ ಸಲ್ಫೈಡ್. ಗಾಜು ಕರಗಿಸುವಾಗ ಸೇರಿಕೊಂಡ, ಕಣ್ಣಿಗೂ ಕಾಣದ ಕಣ. ವರ್ಷಗಟ್ಟಲೆ ನಿಧಾನವಾಗಿ ಹಿಗ್ಗಿ, ಒಂದು ದಿನ ಇಡೀ ಗಾಜನ್ನು ಪುಡಿ ಮಾಡುತ್ತದೆ. ಚೂರುಗಳು ಉದುರದೆ ನಿಂತಿದ್ದರೆ ನಡುವೆ ಚಿಟ್ಟೆಯ ರೆಕ್ಕೆಯಂತೆ ಎರಡು ದೊಡ್ಡ ತುಂಡು ಕಾಣುತ್ತವೆ. ಕಾರ್ಖಾನೆಯಲ್ಲೇ ಗಾಜನ್ನು ಗಂಟೆಗಟ್ಟಲೆ ಕಾಯಿಸಿ ನೋಡುವ ಹೀಟ್ ಸೋಕ್ ಪರೀಕ್ಷೆಯಲ್ಲಿ ಇಂಥವು ಹೆಚ್ಚಿನವು ಅಲ್ಲೇ ಒಡೆಯುತ್ತವೆ. ಎತ್ತರದ ಮಹಡಿಗೆ ಹಾಕುವುದಾದರೆ ಆ ಖರ್ಚು ಮಾಡಿ.

ಇನ್ನು ಕರಾವಳಿಯವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಸೀಲ್ ಮಾಡಿದ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇಕಡಾ 10ರಷ್ಟು ಕಡಿಮೆ. ಕಿಟಕಿ ಘಟ್ಟ ಇಳಿದರೆ ಹೊರಗಿನ ಗಾಳಿ ಎರಡೂ ಗಾಜನ್ನು ಒಳಕ್ಕೆ ಒತ್ತುತ್ತದೆ. ಗಾಜು ಸ್ವಲ್ಪವೂ ಬಾಗದಿದ್ದರೆ ಒಂದು ಚದರ ಅಡಿಗೆ 90 ಕಿಲೋಗೂ ಜಾಸ್ತಿ ಭಾರ! ದೊಡ್ಡ ಗಾಜು ಬಾಗಿ ಸುಧಾರಿಸಿಕೊಳ್ಳುತ್ತದೆ. ಮೆಟ್ಟಿಲ ಪಕ್ಕದ, ಬಚ್ಚಲಿನ ಕಿರಿದಾದ ಕಿಟಕಿಗಳು ಬಾಗಲಾರವು. ಮೊದಲು ಬಿರುಕು ಬಿಡುವುದು ಅವೇ. ಸಮುದ್ರಮಟ್ಟದಲ್ಲಿ ತಯಾರಾಗಿ ಮಡಿಕೇರಿಗೆ ಹತ್ತಿದ ಕಿಟಕಿಯದು ಇದರ ಉಲ್ಟಾ, ಹೊಟ್ಟೆ ಹೊರಕ್ಕೆ ಉಬ್ಬುತ್ತದೆ. ಆರ್ಡರ್ ಕೊಡುವಾಗ ಅಳತೆಯ ಜೊತೆಗೆ ಊರಿನ ಹೆಸರನ್ನೂ ಬರೆಸಿ. ಒತ್ತಡ ಸರಿದೂಗಿಸಲು ಸೀಲಿನೊಳಗೆ ಕೂದಲಿನಂಥ ಕೊಳವೆ ಇಡುವ ವಿಧಾನವಿದೆ. ಅದನ್ನು ತಯಾರಿಸುವಾಗಲೇ ಇಡಬೇಕು.