ಹಂಗಾಮಿಯಾಗಿ ಮರಳಿದ ಸ್ಥಾಪಕರನ್ನು ಕಾಯಂ ಮಾಡಬೇಕೆ?

ಒಮ್ಮೆ ಅಧಿಕಾರ ಬಿಟ್ಟುಕೊಟ್ಟ ಸ್ಥಾಪಕರು ಕಾಯಂ ಮುಖ್ಯ ಕಾರ್ಯನಿರ್ವಾಹಕರಾಗಿ ಮರಳಬಹುದೇ ಎಂಬುದು ಷೇರುಪೇಟೆಯ ದೊಡ್ಡ ಕಂಪನಿಗಳ ಪ್ರಶ್ನೆಯೆಂದು ಹಲವರು ತಿಳಿದಿದ್ದಾರೆ. ಹಾಸನದಲ್ಲಿ ಕಂಪನಿ ಕಾರ್ಯದರ್ಶಿಯಾಗಿ ವೃತ್ತಿ ನಡೆಸುವ ನನ್ನ ಬಳಿಗೆ ಅದು ಬರುವುದು ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯನ್ನು ಸುಲಿದು ವಿಂಗಡಿಸುವ) ಘಟಕ, ಆಲೂಗಡ್ಡೆ ಶೀತಲಗೃಹ, ಕೃಷಿ ಯಂತ್ರಗಳ ತಯಾರಿಕೆಯಂಥ ಖಾಸಗಿ ಕಂಪನಿಗಳಿಂದ. ಅರವತ್ತೈದು ದಾಟಿದ ಯಜಮಾನರು ಬೆಂಗಳೂರಿನಿಂದ ಒಬ್ಬ ವೃತ್ತಿಪರರನ್ನು ಕರೆತಂದು ಕುರ್ಚಿ ಬಿಟ್ಟುಕೊಡುತ್ತಾರೆ. ಎರಡು ಮೂರು ಕೊಯ್ಲು ಕಳೆಯುವಷ್ಟರಲ್ಲಿ ಆ ವೃತ್ತಿಪರರು ಹೊರಟುಹೋಗುತ್ತಾರೆ. ಯಜಮಾನರು ಹಂಗಾಮಿಯಾಗಿ ಬಂದು ಕೂರುತ್ತಾರೆ. ಆಮೇಲೆ ಒಂದು ದಿನ, ಹೇಗೂ ಅವರೇ ನಡೆಸುತ್ತಿದ್ದಾರಲ್ಲ, ಕಾಯಂ ಮಾಡಿಬಿಡೋಣ ಎಂಬ ಮಾತು ಆಡಳಿತ ಮಂಡಳಿಯಲ್ಲಿ ಏಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ನನ್ನ ಸಲಹೆ, ಹಾಗೆ ಮಾಡಬೇಡಿ ಎಂಬುದೇ ಆಗಿರುತ್ತದೆ.

ಕಾನೂನು ಇಲ್ಲಿ ಹೆಚ್ಚು ಅಡ್ಡ ಬರುವುದಿಲ್ಲ. 2013ರ ಕಂಪನಿ ಕಾಯ್ದೆಯ 196ನೇ ಕಲಂ ಪ್ರಕಾರ ವ್ಯವಸ್ಥಾಪಕ ನಿರ್ದೇಶಕರನ್ನು ಒಂದು ಸಲಕ್ಕೆ ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ನೇಮಿಸುವಂತಿಲ್ಲ; ವಯಸ್ಸು 70 ದಾಟಿದ್ದರೆ ವಿಶೇಷ ನಿರ್ಣಯ, ಅಂದರೆ ವಿರುದ್ಧ ಬಿದ್ದ ಮತಗಳ ಕನಿಷ್ಠ ಮೂರು ಪಟ್ಟು ಮತ, ಬೇಕು. ಮುಕ್ಕಾಲು ಪಾಲು ಷೇರು ಒಂದೇ ಮನೆಯಲ್ಲಿರುವ ಕಂಪನಿಗೆ ಇದೊಂದು ತಡೆಯೇ ಅಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಿಗಾದರೆ ಷೇರುಪೇಟೆ ನಿಯಂತ್ರಕ ಸೆಬಿ 2023ರಲ್ಲಿ ತಂದ ನಿಯಮದಂತೆ ಸಿಇಒ (ಮುಖ್ಯ ಕಾರ್ಯನಿರ್ವಾಹಕ) ಹುದ್ದೆ ತೆರವಾದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತುಂಬಬೇಕು. ಹಂಗಾಮಿಯೆಂದು ಹೇಳಿಕೊಂಡರೂ ಹೊಸ ನೇಮಕಾತಿಯ ವಿಧಿಗಳನ್ನೆಲ್ಲ ಪಾಲಿಸಿಯೇ ಕೂರಿಸಬೇಕು. ನಮ್ಮ ಖಾಸಗಿ ಕಂಪನಿಗಳಿಗೆ ಅಂಥ ಗಡುವಿಲ್ಲ. ಆದ್ದರಿಂದಲೇ ಇಲ್ಲಿ ಹಂಗಾಮಿ ಎಂಬ ಸ್ಥಿತಿಗೆ ಕೊನೆಯೇ ಇರುವುದಿಲ್ಲ, ಆ ಕೊನೆಯಿಲ್ಲದಿರುವಿಕೆಯೇ ನಿಧಾನವಾಗಿ ಕಾಯಮಾತಿಗೆ ಸಮರ್ಥನೆಯಾಗುತ್ತದೆ.

ಹಂಗಾಮಿ ಅವಧಿಯಲ್ಲಿ ಸ್ಥಾಪಕರು ಚೆನ್ನಾಗಿ ನಡೆಸಿದರು ಎಂಬುದನ್ನು ಮಂಡಳಿಗಳು ಪುರಾವೆಯೆಂದು ಮುಂದಿಡುತ್ತವೆ. ಆದರೆ ಚೆನ್ನಾಗಿ ನಡೆದದ್ದು ಏನು ಎಂದು ಬಿಡಿಸಿ ನೋಡಬೇಕು. ಕ್ಯೂರಿಂಗ್ ಘಟಕವನ್ನೇ ತೆಗೆದುಕೊಳ್ಳೋಣ. ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರು ತಮ್ಮ ಪಾರ್ಚ್‌ಮೆಂಟನ್ನೂ (ತಿರುಳು ತೆಗೆದು ಒಣಗಿಸಿದ ಕಾಫಿ) ಚೆರ್ರಿಯನ್ನೂ (ಇಡಿಯಾಗಿ ಒಣಗಿಸಿದ ಹಣ್ಣು) ಒಂದು ಘಟಕಕ್ಕೆ ಕಳಿಸುವುದು ಅಲ್ಲಿನ ತೂಕ, ತೇವಾಂಶದ ಅಳತೆ ಮತ್ತು ಔಟ್‌ಟರ್ನ್ ಲೆಕ್ಕದ, ಅಂದರೆ ಕೊಟ್ಟ ಮಾಲಿಗೆ ಎಷ್ಟು ಶುದ್ಧ ಬೀಜ ಸಿಕ್ಕಿತೆಂಬ ಲೆಕ್ಕದ, ಮೇಲಿನ ನಂಬಿಕೆಯಿಂದ. ಹೊಸ ಮುಖ್ಯಸ್ಥರ ಕಾಲದಲ್ಲಿ ಆ ನಂಬಿಕೆ ಸಡಿಲಗೊಂಡು ಲಾರಿಗಳು ಬೇರೆ ಗೇಟಿನತ್ತ ತಿರುಗಿದ್ದರೆ, ಯಜಮಾನರು ನಾಲ್ಕು ಎಸ್ಟೇಟಿಗೆ ಹೋಗಿ ಕೂತು ಮಾತಾಡಿದರೆ ಒಂದೇ ಹಂಗಾಮಿನಲ್ಲಿ ಮಾಲು ಮರಳುತ್ತದೆ. ಇದು ನಿಜವಾದ ಸಾಧನೆ. ಬೇರೆಯವರಿಂದ ಆಗದ ಕೆಲಸ. ಅದೇ ಘಟಕದ ತೊಂದರೆ ಬೇರೆ ಇದ್ದರೆ, ಅಂದರೆ ಗೋದಾಮಿನಲ್ಲಿರುವ ದಾಸ್ತಾನಿಗೂ ತಿಂಗಳು ತಿಂಗಳು ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಗೂ ತಾಳೆಯಾಗದಿದ್ದರೆ, ಬೆಳೆಗಾರರ ಮಾಲು ಯಾವುದು ಕಂಪನಿಯ ಸ್ವಂತ ಖರೀದಿ ಯಾವುದು ಎಂಬುದು ಪುಸ್ತಕದಲ್ಲಿ ಬೆರೆತುಹೋಗಿದ್ದರೆ, ಸ್ಥಾಪಕರ ಮರಳುವಿಕೆ ಅದನ್ನು ಸರಿಪಡಿಸುವುದು ಅಪರೂಪ. ಆ ರೂಢಿಯನ್ನು ಹಾಕಿದವರು ಬಹಳ ಸಲ ಅವರೇ, ಹೊರಗಿನಿಂದ ಬಂದವರು ಹೋಗಬೇಕಾಗಿ ಬಂದದ್ದೂ ಅದನ್ನು ಮುಟ್ಟಿದ್ದಕ್ಕೇ.

ಇದಕ್ಕೆ ಎದುರಾಗಿ ತಪ್ಪದೆ ಬರುವ ಹೆಸರು ಸ್ಟೀವ್ ಜಾಬ್ಸ್. 1985ರಲ್ಲಿ ಆಪಲ್ ಬಿಟ್ಟ ಅವರು 1997ರ ಸೆಪ್ಟೆಂಬರಿನಲ್ಲಿ ಹಂಗಾಮಿ ಸಿಇಒ ಆಗಿ, 2000ದ ಜನವರಿಯಲ್ಲಿ ಕಾಯಂ ಆದರು. ಆ ನಡುವಿನ ಹನ್ನೆರಡು ವರ್ಷ ಅವರು ಹೊರಗೆ ನೆಕ್ಸ್ಟ್ ಎಂಬ ಕಂಪ್ಯೂಟರ್ ಕಂಪನಿ ಕಟ್ಟಿದರು, ಪಿಕ್ಸಾರ್ ನಡೆಸಿದರು. ಆಪಲ್ ನೆಕ್ಸ್ಟ್ ಅನ್ನು ಕೊಂಡುಕೊಂಡಾಗ ಅವರ ಜೊತೆಗೆ ಒಂದು ತಂಡವೂ ಕಂಪ್ಯೂಟರ್ ನಡೆಸುವ ಒಂದು ಕಾರ್ಯನಿರ್ವಹಣಾ ವ್ಯವಸ್ಥೆಯೂ (ಆಪರೇಟಿಂಗ್ ಸಿಸ್ಟಂ) ಬಂದವು. ಯಾಹೂ ಕಂಪನಿಯ ಸಹಸ್ಥಾಪಕ ಜೆರ್ರಿ ಯಾಂಗ್ ಹಾಗೆ ಹೊರಗೆ ಹೋಗಿಯೇ ಇರಲಿಲ್ಲ. 2007ರ ಜೂನಿನಲ್ಲಿ ಸಿಇಒ ಆದ ಅವರ ಕಾಲದಲ್ಲಿ, 2008ರಲ್ಲಿ, ಮೈಕ್ರೋಸಾಫ್ಟ್ ಮುಂದಿಟ್ಟ ಸುಮಾರು 44.6 ಬಿಲಿಯನ್ ಡಾಲರ್ ಖರೀದಿ ಪ್ರಸ್ತಾವವನ್ನು ಕಂಪನಿ ತಿರಸ್ಕರಿಸಿತು. 2009ರ ಜನವರಿಯಲ್ಲಿ ಅವರ ಸ್ಥಾನಕ್ಕೆ ಬೇರೆಯವರು ಬಂದರು. ನಮ್ಮಲ್ಲಿ ಮರಳುವ ಯಜಮಾನರು ನಡುವಿನ ಅವಧಿಯಲ್ಲಿ ಸಾಮಾನ್ಯವಾಗಿ ಫ್ಯಾಕ್ಟರಿಯ ಪಕ್ಕದ ಮನೆಯಲ್ಲೇ ಇದ್ದು, ಲೆಕ್ಕ ಬರೆಯುವ ರೈಟರನ್ನು ದಿನಾ ಸಂಜೆ ಕರೆಸಿ ಕೇಳುತ್ತಿದ್ದವರು. ಅವರನ್ನು ಯಾರೊಡನೆ ಹೋಲಿಸಬೇಕೆಂಬುದು ಸ್ಪಷ್ಟವೇ ಇದೆ.

ಟ್ವಿಟರ್ ಮಂಡಳಿಯ ನಡವಳಿಕೆಯನ್ನೂ ಗಮನಿಸಬೇಕು. 2015ರಲ್ಲಿ ಸಿಇಒ ಹುದ್ದೆ ತೆರವಾದಾಗ, ಪೂರ್ಣಾವಧಿ ಕೊಡಬಲ್ಲವರನ್ನು ಮಾತ್ರ ಪರಿಗಣಿಸುತ್ತೇವೆಂದು ಅದು ಬಹಿರಂಗವಾಗಿ ಹೇಳಿತ್ತು. ಜುಲೈನಲ್ಲಿ ಹಂಗಾಮಿಯಾಗಿ ಬಂದ ಸಹಸ್ಥಾಪಕ ಜಾಕ್ ಡಾರ್ಸಿ ಅವರನ್ನು ಅಕ್ಟೋಬರಿನಲ್ಲಿ ಕಾಯಂ ಮಾಡಿದಾಗ ಅವರು ಸ್ಕ್ವೇರ್ ಎಂಬ ಇನ್ನೊಂದು ಕಂಪನಿಗೂ ಸಿಇಒ ಆಗಿಯೇ ಉಳಿದರು. ಸ್ಥಾಪಕರು ಎದುರಿಗೆ ಕೂತಿರುವಾಗ ಮಂಡಳಿಯೊಂದು ತಾನೇ ಹಾಕಿದ ಷರತ್ತನ್ನು ಹೇಗೆ ಕೈಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕನ್ನಡದ ಓದುಗರಿಗೆ ಇನ್ಫೋಸಿಸ್ ಇನ್ನೂ ಹತ್ತಿರದ್ದು, ಅಲ್ಲಿ ಮರಳುವಿಕೆಯ ಎರಡು ಬಗೆಗಳು ಸಿಗುತ್ತವೆ. 2002ರಲ್ಲಿ ಸಿಇಒ ಸ್ಥಾನ ಬಿಟ್ಟಿದ್ದ ನಾರಾಯಣ ಮೂರ್ತಿಯವರು 2013ರ ಜೂನಿನಲ್ಲಿ ಕಾರ್ಯನಿರ್ವಾಹಕ ಅಧ್ಯಕ್ಷರಾಗಿ ಮರಳಿದರು. ಇನ್ನೊಬ್ಬ ಸ್ಥಾಪಕ ಶಿಬುಲಾಲ್ ಸಿಇಒ ಆಗಿಯೇ ಇದ್ದರು. ಮುಂದಿನ ತಿಂಗಳುಗಳಲ್ಲಿ ಹಿರಿಯ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ಕಂಪನಿ ಬಿಟ್ಟರು, ಅವರಲ್ಲಿ ಕೆಲವರು ಮುಂದಿನ ಸಿಇಒ ಎಂದು ಪತ್ರಿಕೆಗಳು ಊಹಿಸಿದ್ದವರು. 2017ರ ಆಗಸ್ಟಿನಲ್ಲಿ ಆಗಿನ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟಾಗ ಸಹಸ್ಥಾಪಕ ನಂದನ್ ನಿಲೇಕಣಿಯವರು ಬಂದದ್ದು ಕಾರ್ಯನಿರ್ವಾಹಕರಲ್ಲದ ಅಧ್ಯಕ್ಷರಾಗಿ. ಅವರು ಕುರ್ಚಿಯನ್ನು ತಾವು ಹಿಡಿಯದೆ ಹುಡುಕಾಟ ನಡೆಸಿದರು. 2018ರ ಜನವರಿ 2ರಂದು ಸಲೀಲ್ ಪಾರೇಖ್ ಸಿಇಒ ಆಗಿ ಅಧಿಕಾರ ವಹಿಸಿಕೊಂಡರು, 2022ರಲ್ಲಿ ಅವರನ್ನು ಮತ್ತೆ ಐದು ವರ್ಷಕ್ಕೆ ನೇಮಿಸಲಾಯಿತು. ಎರಡನೆಯ ಬಗೆಯ ಮರಳುವಿಕೆ ನಮ್ಮ ಜಿಲ್ಲೆಯ ಸಣ್ಣ ಕಂಪನಿಗಳಿಗೂ ಸಾಧ್ಯ; ಅದಕ್ಕೆ ದುಡ್ಡು ಬೇಕಿಲ್ಲ, ಸಂಯಮ ಬೇಕು.

ಸ್ಥಾಪಕರು ಮರಳಲು ಹಾತೊರೆಯುವುದರ ಹಿಂದೆ ಅನೇಕ ಸಲ ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣವಿರುತ್ತದೆ, ಅದು ಬ್ಯಾಂಕಿನ ಜಾಮೀನು. ಹುದ್ದೆ ಬಿಟ್ಟರೂ ಕಂಪನಿಯ ಸಾಲಕ್ಕೆ ಅವರು ಕೊಟ್ಟ ವೈಯಕ್ತಿಕ ಖಾತರಿ ಹಾಗೆಯೇ ಉಳಿದಿರುತ್ತದೆ, ತೋಟದ ಪತ್ರಗಳೂ ಬ್ಯಾಂಕಿನಲ್ಲೇ ಇರುತ್ತವೆ. ಬೇರೆಯವರು ನಡೆಸುವ ಕಂಪನಿಗೆ ತನ್ನ ತೋಟ ಹೊಣೆ ಎಂದಾಗ ನಿದ್ದೆ ಬಾರದಿರುವುದು ಸಹಜ, ಇದನ್ನು ಅಧಿಕಾರದ ಆಸೆಯೆಂದು ಹಳಿಯುವುದು ಅನ್ಯಾಯ. ಆದರೆ ಇದಕ್ಕೆ ಪರಿಹಾರ ಸಿಇಒ ಹುದ್ದೆಯಲ್ಲ. ಸಾಲದ ನವೀಕರಣದ ಹೊತ್ತಿಗೆ ಖಾತರಿಯನ್ನು ಮಿತಿಗೊಳಿಸುವಂತೆ ಬ್ಯಾಂಕಿನೊಡನೆ ಮಾತಾಡಬೇಕು. ಅದು ಆಗದಿದ್ದರೆ ನಿರ್ದಿಷ್ಟ ಮೊತ್ತಕ್ಕಿಂತ ಹೆಚ್ಚಿನ ಸಾಲ ಮತ್ತು ಬಂಡವಾಳ ವೆಚ್ಚಕ್ಕೆ ಅವರ ಒಪ್ಪಿಗೆ ಬೇಕೆಂದು ನಿಯಮಾವಳಿಯಲ್ಲಿ ಬರೆಯಬೇಕು.

ರೈತ ಉತ್ಪಾದಕರ ಕಂಪನಿಗಳ ವಿಷಯದಲ್ಲಿ ಈ ಚರ್ಚೆಗೆ ಆಸ್ಪದವೇ ಇಲ್ಲ. ಕಂಪನಿ ಕಾಯ್ದೆಯ 378-ಡಬ್ಲ್ಯು ಕಲಂ, ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕರನ್ನು ಸದಸ್ಯರಲ್ಲದವರಿಂದಲೇ ಆರಿಸಬೇಕೆನ್ನುತ್ತದೆ. ಅರಸೀಕೆರೆಯ ತೆಂಗು ಬೆಳೆಗಾರರೋ ಸಕಲೇಶಪುರದ ಮೆಣಸು ಬೆಳೆಗಾರರೋ ಸೇರಿ ಕಟ್ಟಿದ ಕಂಪನಿಯಲ್ಲಿ, ಮೊದಲ ದಿನದಿಂದ ಓಡಾಡಿದ ಸ್ಥಾಪಕ ಸದಸ್ಯರು ಮಂಡಳಿಯಲ್ಲಿ ಕೂರಬಹುದೇ ಹೊರತು ಸದಸ್ಯರಾಗಿದ್ದುಕೊಂಡು ಆ ಹುದ್ದೆಗೆ ಬರುವಂತಿಲ್ಲ.

ಹಾಸನಕ್ಕೆ ಒಳ್ಳೆಯವರು ಯಾರು ಬರುತ್ತಾರೆ ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಇರುತ್ತದೆ. ಬೆಂಗಳೂರಿನ ಸಂಬಳ ಕೊಡಲಾಗದು ಎಂಬುದು ನಿಜ. ಆದರೆ ಇಪ್ಪತ್ತು ವರ್ಷದಿಂದ ಘಟಕ ನಡೆಸುತ್ತಿರುವ ವ್ಯವಸ್ಥಾಪಕರನ್ನೋ ಲೆಕ್ಕಪತ್ರದ ಮುಖ್ಯಸ್ಥರನ್ನೋ ಕರೆದು, ನೀವು ವಹಿಸಿಕೊಳ್ಳುತ್ತೀರಾ ಎಂದು ಕೇಳಿದ ಮಂಡಳಿಗಳು ಬಹಳ ಕಡಿಮೆ.

ಬೆಳೆಗಾರರ ನಂಬಿಕೆ ಕುಸಿದಂಥ ಸಂದರ್ಭದಲ್ಲಿ, ಬೇರೆ ಇಬ್ಬರನ್ನಾದರೂ ನಿಜವಾಗಿ ಸಂದರ್ಶಿಸಿದ ಮೇಲೆಯೂ ಸ್ಥಾಪಕರೇ ಸರಿಯೆಂದು ಮಂಡಳಿ ನಿರ್ಧರಿಸಿದರೆ ನಾನು ಅಡ್ಡಿ ಹೇಳುವುದಿಲ್ಲ. ಆಗ ನಿರ್ಣಯದ ಕರಡಿನಲ್ಲಿ ಐದು ವರ್ಷದ ಬದಲು ಎರಡು ವರ್ಷ ಎಂದು ಬರೆಯುತ್ತೇನೆ. ಹೊರಗಿನ ಅಭ್ಯರ್ಥಿಗೆ ಕೊಡುತ್ತಿದ್ದಷ್ಟೇ ಸಂಬಳವನ್ನು ನಮೂದಿಸುತ್ತೇನೆ, ಏಕೆಂದರೆ ಪುಕ್ಕಟೆ ದುಡಿಯುವವರ ಕೆಲಸವನ್ನು ಮಂಡಳಿ ಪ್ರಶ್ನಿಸುವುದಿಲ್ಲ. ಮಗನನ್ನಾಗಲೀ ಅಳಿಯನನ್ನಾಗಲೀ ಅವರ ಕೆಳಗೆ ನೇಮಿಸುವ ಪ್ರಸ್ತಾವ ಮಂಡಳಿಯ ಮುಂದೆ ಬರಬೇಕೆಂದೂ, ಮೊದಲ ವರ್ಷ ಮುಗಿಯುವುದರೊಳಗೆ ಉತ್ತರಾಧಿಕಾರಿಯ ಹೆಸರು ಕಡತದಲ್ಲಿರಬೇಕೆಂದೂ ಸೇರಿಸುತ್ತೇನೆ. ಕರಡು ಓದಿದ ಯಜಮಾನರಲ್ಲಿ ಕೆಲವರು ಸಹಿ ಹಾಕುತ್ತಾರೆ. ಇನ್ನು ಕೆಲವರು ಅಧ್ಯಕ್ಷ ಸ್ಥಾನವೇ ಸಾಕೆನ್ನುತ್ತಾರೆ, ಆಗ ಹಂಗಾಮಿ ಅವಧಿ ಮುಗಿಯುವ ತಾರೀಖನ್ನು ಮಾತ್ರ ತುಂಬುವುದು ಬಾಕಿ ಇರುತ್ತದೆ.