ಪ್ಲಮ್ ಇಲ್ಲದ ಪ್ಲಮ್ ಕೇಕು, ದ್ರಾಕ್ಷಿ ಒಣಗಿಸಿದ ಕೈಗಳು

ಡಿಸೆಂಬರ್ ಬಂತೆಂದರೆ ಮಂಗಳೂರು, ಬೆಂಗಳೂರಿನ ಬೇಕರಿಗಳ ಗಾಜಿನ ಕಪಾಟಿಗೆ ಪ್ಲಮ್ ಕೇಕು ಬಂದು ಕೂರುತ್ತದೆ. ಕಪ್ಪಗೆ, ಒತ್ತಾಗಿ, ಕೈಗೆತ್ತಿಕೊಂಡರೆ ಭಾರ. ಒಂದು ತುಂಡು ಮುರಿದು ನೋಡಿ. ಒಣದ್ರಾಕ್ಷಿ ಇದೆ, ಗೋಡಂಬಿ ಇದೆ, ಕಿತ್ತಳೆ ಸಿಪ್ಪೆಯ ಚೂರು ಇದೆ. ಪ್ಲಮ್ ಹಣ್ಣು ಮಾತ್ರ ಇಲ್ಲ. ಬೇಕರಿಯವರು ಮೋಸ ಮಾಡಿದ್ದಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಒಣದ್ರಾಕ್ಷಿಗೂ ಪ್ಲಮ್ ಅಂತಲೇ ಹೇಳುತ್ತಿದ್ದರು. ಹಣ್ಣು ಬೇರೆ ಆದರೂ ಹೆಸರು ಉಳಿದುಕೊಂಡಿತು. ಹಡಗು ಹತ್ತಿ ನಮ್ಮ ಬೇಕರಿಗೂ ಬಂತು.

ಆ ಇಂಗ್ಲೆಂಡಿನಲ್ಲಿ ಒಣದ್ರಾಕ್ಷಿ ಸಣ್ಣ ವಿಷಯವಾಗಿರಲಿಲ್ಲ. 1606ರಲ್ಲಿ ಅದೇ ಕಾರಣಕ್ಕೆ ಒಂದು ದೊಡ್ಡ ಕೋರ್ಟ್ ಕೇಸು ನಡೆಯಿತು. ಜಾನ್ ಬೇಟ್ ಅನ್ನುವ ವ್ಯಾಪಾರಿ ಪೂರ್ವ ಮೆಡಿಟರೇನಿಯನ್ ಕಡೆಯಿಂದ ಕರಂಟ್ ತರಿಸುತ್ತಿದ್ದ. ಕರಂಟ್ ಅಂದರೆ ಮೆಣಸಿನ ಕಾಳಿನಷ್ಟೇ ಇರುವ, ಬೀಜವಿಲ್ಲದ, ಕಪ್ಪು ಒಣದ್ರಾಕ್ಷಿ. ಗ್ರೀಸಿನ ಕೊರಿಂತ್ ಊರಿನ ಹೆಸರೇ ಇಂಗ್ಲಿಷರ ಬಾಯಲ್ಲಿ ಸವೆದು ಕರಂಟ್ ಆಯಿತು. ಮೊದಲನೇ ಜೇಮ್ಸ್ ರಾಜ ಇದರ ಮೇಲೆ ಹಂಡ್ರೆಡ್‌ವೇಟಿಗೆ, ಅಂದರೆ ಸುಮಾರು 50 ಕಿಲೋಗೆ, 5 ಶಿಲಿಂಗ್ ಹೆಚ್ಚುವರಿ ಸುಂಕ ಹಾಕಿದ. ಪಾರ್ಲಿಮೆಂಟ್ ಒಪ್ಪದ ಸುಂಕ ನಾನು ಕೊಡಲ್ಲ ಎಂದ ಬೇಟ್. ತೀರ್ಪು ರಾಜನ ಪರವಾಗಿ ಬಂತು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಜನರನ್ನು ಕೇಳದೆ ತೆರಿಗೆ ಹಾಕುವ ಹಕ್ಕು ರಾಜನಿಗೆ ಇದೆಯೇ ಎಂದು 1610ರ ಪಾರ್ಲಿಮೆಂಟಿನಲ್ಲಿ ಜೋರು ಚರ್ಚೆಯಾಯಿತು. ರಾಜನಿಗೂ ಪಾರ್ಲಿಮೆಂಟಿಗೂ ಮುಂದೆ ಯುದ್ಧವೇ ಆಯಿತಲ್ಲ, ಅದಕ್ಕೆ ದಾರಿಯಾದ ಜಗಳಗಳಲ್ಲಿ ಈ ದ್ರಾಕ್ಷಿ ಜಗಳವೂ ಒಂದು.

ಕರಂಟ್ ವ್ಯಾಪಾರ ಮಾಡುತ್ತಿದ್ದುದು ಲೆವೆಂಟ್ ಕಂಪನಿ. ಅದರ ವ್ಯಾಪಾರಿಗಳಲ್ಲಿ ಹಲವರು 1600ರಲ್ಲಿ ಇನ್ನೊಂದು ಕಂಪನಿಗೂ ದುಡ್ಡು ಹಾಕಿದರು. ಅದು ಈಸ್ಟ್ ಇಂಡಿಯಾ ಕಂಪನಿ. ಉಳಿದ ಕತೆ ನಮಗೆಲ್ಲ ಗೊತ್ತಿದೆ.

ಒಣಹಣ್ಣು, ಬೀಜ, ಜೇನು ಅಥವಾ ಬೆಲ್ಲ ಸೇರಿಸಿದ ಸಿಹಿ ಎಷ್ಟೋ ದೇಶಗಳಲ್ಲಿ ಇದೆ. ಒಬ್ಬರನ್ನೊಬ್ಬರು ಕಾಣದ ಜನ ಹೆಚ್ಚುಕಡಿಮೆ ಒಂದೇ ಥರದ ತಿಂಡಿ ಮಾಡಿಕೊಂಡಿದ್ದಾರೆ. ಯಾಕೆ? ಮೊದಲ ಕಾರಣ ನೀರು. ತಾಜಾ ದ್ರಾಕ್ಷಿಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ. ಒಣಗಿಸಿ ಅದನ್ನು ಹದಿನೈದರ ಆಸುಪಾಸಿಗೆ ಇಳಿಸಿದರೆ ಬೂಷ್ಟಿಗೆ ಬೇಕಾದ ತೇವ ಸಿಗುವುದಿಲ್ಲ. ಉಳಿದ ಸಕ್ಕರೆಯೇ ಹಣ್ಣನ್ನು ಕಾಯುತ್ತದೆ. ಎರಡನೇ ಕಾರಣ ಕಾಲ. ಕಾಕಸಸ್‌ನಿಂದ ಇಟಲಿಯವರೆಗೆ ದ್ರಾಕ್ಷಿ ಕೊಯ್ಯುವ ದಿನಗಳೂ ಅಕ್ರೋಟು, ಬಾದಾಮಿ ಉದುರುವ ದಿನಗಳೂ ಹತ್ತಿರ ಹತ್ತಿರ ಬರುತ್ತವೆ. ಹಿಂದೆಯೇ ಚಳಿಗಾಲ. ಎರಡನ್ನೂ ಸೇರಿಸಿ ಎತ್ತಿಟ್ಟುಕೊಳ್ಳದೆ ಗತಿ ಇರಲಿಲ್ಲ. ಮೂರನೆಯದು ಉಪವಾಸ. ನಮ್ಮಲ್ಲಿ ಏಕಾದಶಿಗೆ ಖರ್ಜೂರ, ಶೇಂಗಾ ನಡೆಯುತ್ತದಲ್ಲ, ಹಾಗೆಯೇ ಹಳೆಯ ಕ್ರೈಸ್ತ ಉಪವಾಸಗಳಲ್ಲಿ ಬೆಣ್ಣೆ, ಹಾಲು, ಮಾಂಸ ಬಂದ್ ಆದರೂ ಹಣ್ಣು, ಬೀಜಕ್ಕೆ ಅಡ್ಡಿ ಇರಲಿಲ್ಲ.

ಜರ್ಮನಿಯ ಡ್ರೆಸ್ಡೆನ್ ಊರಿನ ಸ್ಟೊಲನ್ ಹುಟ್ಟಿದ್ದೇ ಹಾಗೆ. ಈಗ ಅದು ಬೆಣ್ಣೆಯಲ್ಲಿ ಮುಳುಗೆದ್ದ ಕ್ರಿಸ್‌ಮಸ್ ಬ್ರೆಡ್ಡು. ಮೊದಲು ಅದು ಉಪವಾಸದ ತಿನಿಸು: ಹಿಟ್ಟು, ಎಣ್ಣೆ, ನೀರು, ಅಷ್ಟೇ. ಬೆಣ್ಣೆ ಹಾಕಲು ಪೋಪ್ ಒಪ್ಪಬೇಕಿತ್ತು. 1491ರಲ್ಲಿ ಎಂಟನೇ ಇನೊಸೆಂಟ್ ಒಪ್ಪಿ ಪತ್ರ ಬರೆದರು. ಬೆಣ್ಣೆ ಹಾಕಿ, ಅದಕ್ಕೆ ಚರ್ಚಿಗೆ ಕಾಣಿಕೆ ಕೊಡಿ ಎಂಬ ಷರತ್ತೂ ಇತ್ತು. ಈಗ ಡ್ರೆಸ್ಡೆನ್ ಸ್ಟೊಲನ್ ಎಂಬ ಹೆಸರು ಹಾಕಬೇಕಾದರೆ 100 ಕಿಲೋ ಹಿಟ್ಟಿಗೆ ಕನಿಷ್ಠ 65 ಕಿಲೋ ಒಣದ್ರಾಕ್ಷಿ, 50 ಕಿಲೋ ಬೆಣ್ಣೆ ಇರಲೇಬೇಕು. ಪತ್ರ ಬರೆದು ಬೇಡಿಕೊಂಡ ಬೆಣ್ಣೆಗಿಂತ ದ್ರಾಕ್ಷಿಯೇ ಜಾಸ್ತಿ!

ಈ ಬಳಗದಲ್ಲಿ ನನಗೆ ತುಂಬ ಇಷ್ಟವಾದದ್ದು ಜಾರ್ಜಿಯಾದ ಚುರ್ಚ್‌ಖೇಲಾ. ನೋಡಿದರೆ ಮಾಡಿನ ಜಂತಿಗೆ ನೇತುಹಾಕಿದ ಗಂಟುಗಂಟಾದ ಮೇಣದಬತ್ತಿ. ಅಲ್ಲಿ ದ್ರಾಕ್ಷಿ ಕೊಯ್ಲಿಗೆ ರ್ತ್ವೆಲಿ ಅನ್ನುತ್ತಾರೆ. ಕಾಖೇತಿ ಸೀಮೆಯಲ್ಲಿ ಆ ದಿನಗಳಲ್ಲಿ ಮನೆಮಂದಿ, ನೆಂಟರು ಎಲ್ಲ ತೋಟದಲ್ಲೇ. ಅಕ್ರೋಟಿನ ಹೋಳುಗಳನ್ನು ಸೂಜಿಯಿಂದ ದಾರಕ್ಕೆ ಪೋಣಿಸುತ್ತಾರೆ, ನಾವು ಹೂ ಪೋಣಿಸಿದ ಹಾಗೆ. ಇತ್ತ ದೊಡ್ಡ ಹಂಡೆಯಲ್ಲಿ ಹಿಂಡಿದ ದ್ರಾಕ್ಷಿ ರಸ ಕುದಿಯುತ್ತಿರುತ್ತದೆ. ಮೇಲೆ ಬಂದ ನೊರೆ ತೆಗೆಯುತ್ತಾ, ಗೋಧಿ ಹಿಟ್ಟು ಕಲಸಿ ಬಿಡುತ್ತಾ, ತಳ ಹಿಡಿಯದ ಹಾಗೆ ಕೈ ಬಿಡದೆ ತಿರುವಬೇಕು. ಗಂಜಿಗಿಂತ ಗಟ್ಟಿ, ಹಲ್ವಾಗಿಂತ ತೆಳುವಾದ ಆ ಹದ ಬಂದಾಗ ಅಕ್ರೋಟಿನ ಸರ ಅದ್ದಿ ಎತ್ತುತ್ತಾರೆ. ತೊಟ್ಟಿಕ್ಕುವುದು ನಿಂತ ಮೇಲೆ ಗಳಕ್ಕೆ ನೇತುಹಾಕುತ್ತಾರೆ. ಬೇಕೆನಿಸಿದರೆ ಇನ್ನೊಂದು ಸಲ ಅದ್ದುತ್ತಾರೆ. ಗಾಳಿಗೆ ವಾರಗಟ್ಟಲೆ ಒಣಗಿ ಹೊರಪದರ ತೊಗಲಿನ ಹಾಗೆ ಆಗುತ್ತದೆ. ತಿಂಗಳು ಕಳೆದಂತೆ ದ್ರಾಕ್ಷಿಯ ಸಕ್ಕರೆಯೇ ಮೇಲೆ ಬಂದು ಬಿಳಿ ಪುಡಿಯಾಗಿ ಕೂರುತ್ತದೆ.

ಸಕ್ಕರೆ ಹಾಕುವುದಿಲ್ಲ. ಅಡಿಗೆಮನೆ ಬಿಟ್ಟು ಎಷ್ಟು ದೂರ ಹೋದರೂ ಕೆಡುವುದಿಲ್ಲ. ಜಾರ್ಜಿಯಾದ ಸೈನಿಕರು ಇದನ್ನೇ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರಂತೆ. ತುರ್ಕಿ, ಅರ್ಮೇನಿಯಾ, ಸೈಪ್ರಸ್‌ನಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದು ಸಿಗುತ್ತದೆ.

ಅಫ್ಘಾನಿಸ್ತಾನದವರು ಇನ್ನೂ ಸರಳ. ವಸಂತದ ಹೊಸವರ್ಷ ನವ್‌ರೋಜ್‌ಗೆ ಹಫ್ತ್ ಮೇವಾ ಮಾಡುತ್ತಾರೆ. ಏಳು ಒಣಹಣ್ಣು, ಬೀಜಗಳನ್ನು ತೊಳೆದು ನೀರಿನಲ್ಲಿ ನೆನೆಹಾಕಿ ಇಡುವುದು. ಅಷ್ಟೇ. ಒಲೆ ಬೇಡ, ಸಕ್ಕರೆ ಬೇಡ. ಮಾರನೇ ದಿನಕ್ಕೆ ದ್ರಾಕ್ಷಿ ಉಬ್ಬಿ, ಜರ್ದಾಳು ಮೆತ್ತಗಾಗಿ, ನೀರೇ ಪಾನಕವಾಗಿರುತ್ತದೆ. ಒಣಗಿಸುವಾಗ ಕಳೆದ ನೀರನ್ನು ಹಬ್ಬದ ದಿನ ಹಣ್ಣಿಗೆ ವಾಪಸ್ ಕೊಟ್ಟ ಹಾಗೆ.

ಈಗ ಗ್ರೀಸಿಗೆ ಬರೋಣ. ಇಡೀ ಚರಿತ್ರೆಯಲ್ಲಿ ನನ್ನನ್ನು ಕಾಡುವುದು ಈ ಭಾಗ.

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಪುಡ್ಡಿಂಗ್, ಕೇಕು, ಬನ್ನುಗಳಿಗೆ ಕರಂಟ್ ಹೋಗುತ್ತಿದ್ದುದು ಹೆಚ್ಚಾಗಿ ಗ್ರೀಸಿನ ಪೆಲೊಪೊನೀಸ್ ಸೀಮೆಯಿಂದ. ಪಾತ್ರಾಸ್ ಬಂದರು ಅದರಿಂದಲೇ ಬೆಳೆಯಿತು. 1860ರ ದಶಕದಿಂದ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಫಿಲೊಕ್ಸೆರಾ ಅನ್ನುವ ಹುಳ ಬಿತ್ತು. ಬೇರನ್ನೇ ಹೀರುವ ಹುಳ. ತೋಟಗಳು ಸತ್ತವು. ವೈನ್ ಮಾಡಲು ದ್ರಾಕ್ಷಿ ಇಲ್ಲದೆ ಫ್ರೆಂಚರು ಗ್ರೀಸಿನ ಒಣ ಕರಂಟನ್ನೇ ತರಿಸಿ, ನೆನೆಸಿ, ವೈನ್ ಮಾಡತೊಡಗಿದರು. ಬೆಲೆ ಏರಿತು. ಪೆಲೊಪೊನೀಸ್‌ನ ರೈತರು ಆಲಿವ್ ಮರ ಕಡಿದು ಕರಂಟ್ ಬಳ್ಳಿ ಹಾಕಿದರು. ಸಾಲ ಮಾಡಿ ಹಾಕಿದರು. ದೇಶದ ರಫ್ತಿನ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೊಂದರಿಂದಲೇ ಬರುವ ಹಾಗಾಯಿತು.

ಆಮೇಲೆ ಫ್ರಾನ್ಸಿನವರು ಅಮೆರಿಕದ ಬೇರಿಗೆ ತಮ್ಮ ಬಳ್ಳಿ ಕಸಿ ಕಟ್ಟಿ ತೋಟ ಉಳಿಸಿಕೊಂಡರು. ಅವರಿಗೆ ಕರಂಟ್ ಬೇಕಾಗಲಿಲ್ಲ. ತಮ್ಮ ರೈತರನ್ನು ಕಾಯಲು ಸುಂಕ ಏರಿಸಿದರು. 1893ರಲ್ಲಿ ಬೆಲೆ ನೆಲ ಕಚ್ಚಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗ್ರೀಸ್ ದಿವಾಳಿಯಾಯಿತು. ದಿವಾಳಿಗೆ ಬೇರೆ ಕಾರಣಗಳೂ ಇದ್ದವು. ಹೊರಗಿನ ಸಾಲ ಮೊದಲೇ ಬೆಟ್ಟದಷ್ಟಿತ್ತು. ಆದರೆ ಆ ಸಾಲ ತೀರಿಸಲು ನಂಬಿದ್ದ ದೊಡ್ಡ ಬೆಳೆ ಇದೇ. ಮಾರಾಟವಾಗದ ಮಾಲಿನಲ್ಲಿ ಒಂದು ಪಾಲನ್ನು ಸರ್ಕಾರವೇ ತಡೆಹಿಡಿದು ಸಾರಾಯಿ ಮಾಡಲು ಕಳಿಸುವ ಕಾನೂನು 1895ರಲ್ಲಿ ಬಂತು. ರೈತರ ಸಾಲ ಅದರಿಂದ ತೀರಲಿಲ್ಲ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಲಕ್ಷಗಟ್ಟಲೆ ಗ್ರೀಕರು ಅಮೆರಿಕದ ಹಡಗು ಹತ್ತಿದರು. ಅವರಲ್ಲಿ ಪೆಲೊಪೊನೀಸ್‌ನ ಹಳ್ಳಿಯವರು ತುಂಬ ಜನ. ಕಡಿದ ಆಲಿವ್ ಮರ ಮತ್ತೆ ಕಾಯಿ ಬಿಡಲು ಎಷ್ಟು ವರ್ಷ ಬೇಕು ಎಂದು ತೋಟ ಮಾಡಿದವರಿಗೆ ಗೊತ್ತು.

ಅಷ್ಟರಲ್ಲಿ ಆಸ್ಟ್ರೇಲಿಯಾದ ಮಿಲ್ಡೂರಾ ಕಡೆ ಮರ್ರೆ ನದಿಯ ನೀರು ಹಾಯಿಸಿ ದ್ರಾಕ್ಷಿ ಬೆಳೆದು ಒಣಗಿಸುವುದು ಶುರುವಾಗಿತ್ತು. 1927ರಲ್ಲಿ ಬ್ರಿಟನ್ನಿನ ಎಂಪೈರ್ ಮಾರ್ಕೆಟಿಂಗ್ ಬೋರ್ಡ್ ರಾಜನ ಅಡಿಗೆಮನೆಯ ಹೆಸರಿನಲ್ಲಿ ಒಂದು ಕ್ರಿಸ್‌ಮಸ್ ಪುಡ್ಡಿಂಗ್ ರೆಸಿಪಿ ಹಂಚಿತು. ಸಾಮಾನೆಲ್ಲ ಸಾಮ್ರಾಜ್ಯದೊಳಗಿನದೇ ಇರಬೇಕು. ಕರಂಟ್ ಆಸ್ಟ್ರೇಲಿಯಾದ್ದು, ರಮ್ ಜಮೈಕಾದ್ದು, ಮಸಾಲೆ ಭಾರತದ್ದು. ಕರಂಟಿಗೆ ಹೆಸರು ಕೊಟ್ಟ ಊರು ಆ ಪಟ್ಟಿಯಲ್ಲೇ ಇರಲಿಲ್ಲ.

ಸಿಹಿತಿಂಡಿಯ ಚರಿತ್ರೆ ಬರೆಯುವವರು ರಾಣಿ, ಪೋಪ್, ಬೇಕರಿ ಎಲ್ಲವನ್ನೂ ನೆನೆಯುತ್ತಾರೆ. ಹಣ್ಣು ಒಣಗಿಸಿದವರ ಸುದ್ದಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಸಿಹಿ ಹುಟ್ಟುವುದೇ ಒಣಗಿಸುವ ಜಾಗದಲ್ಲಿ, ನಷ್ಟವೆಲ್ಲ ಬೀಳುವುದೂ ಅಲ್ಲೇ. ದೂರದ ಗ್ರೀಸ್ ಯಾಕೆ, ನಮ್ಮ ವಿಜಯಪುರಕ್ಕೇ ಹೋಗಿ ನೋಡಬಹುದು.

ನಮ್ಮ ಕಡೆಯ ಒಣಹಣ್ಣಿನ ಸಿಹಿ ಅಂದರೆ ಕರದಂಟು. ಗೋಕಾಕದ್ದು, ಅಮೀನಗಡದ್ದು. ತುಪ್ಪದಲ್ಲಿ ಕರಿದ ಅಂಟು ಇರುವುದರಿಂದಲೇ ಕರದಂಟು. ಹರಳಿನಂಥ ಅಂಟಿನ ಚೂರು ಬಿಸಿ ತುಪ್ಪಕ್ಕೆ ಬಿದ್ದರೆ ಅರಳಿನ ಹಾಗೆ ಪಟಪಟ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಗಸಗಸೆ, ಏಲಕ್ಕಿ, ಜಾಜಿಕಾಯಿ ಸೇರಿಸಿ ಬೆಲ್ಲದ ಪಾಕದಲ್ಲಿ ಹಿಡಿದಿಡುತ್ತಾರೆ. ಮನೆಗಳಲ್ಲಿ ಇದೇ ಸಾಮಾನಿನ ಅಂಟಿನ ಉಂಡೆ ಬಾಣಂತಿಗೆ. ಚುರ್ಚ್‌ಖೇಲಾ ಸೈನಿಕನಿಗಾದರೆ ನಮ್ಮದು ಹೆತ್ತ ತಾಯಿಗೆ. ಇಬ್ಬರಿಗೂ ಬೇಕಿದ್ದುದು ಒಂದೇ: ಸ್ವಲ್ಪದರಲ್ಲಿ ಜಾಸ್ತಿ ಶಕ್ತಿ, ಬೇಗ ಕೆಡದ ಊಟ.

ಆ ಕರದಂಟಿಗೆ ಬೀಳುವ ದ್ರಾಕ್ಷಿ ಹಿಂದೆ ಕಾಬೂಲಿ ವ್ಯಾಪಾರಿಗಳ ಮೂಟೆಯಲ್ಲಿ ಬರುತ್ತಿತ್ತು. ಈಗ ಭಾರತದಲ್ಲಿ ಒಣದ್ರಾಕ್ಷಿ ಮಾಡುವುದರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಸೀಮೆಯ ಜೊತೆ ವಿಜಯಪುರ ಜಿಲ್ಲೆಯದೂ ದೊಡ್ಡ ಹೆಸರು. ತಿಕೋಟಾ, ಬಬಲೇಶ್ವರದ ಕಡೆ ಹೋದರೆ ರಸ್ತೆ ಪಕ್ಕ ಹಸಿರು ನೆಟ್ ಹೊದ್ದ ಉದ್ದುದ್ದ ಶೆಡ್ಡುಗಳು ಕಾಣುತ್ತವೆ. ಅವೇ ಮಣೂಕ, ಅಂದರೆ ಒಣದ್ರಾಕ್ಷಿ ಘಟಕಗಳು. ಹೆಚ್ಚಾಗಿ ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್. ಹೆಸರು ಕ್ಯಾಲಿಫೋರ್ನಿಯಾದ್ದು, ತಳಿ ಮಾತ್ರ ಪಶ್ಚಿಮ ಏಷ್ಯಾದ ಹಳೆಯ ಕಿಶ್ಮಿಶ್.

ಒಮ್ಮೆ ಮಾರ್ಚ್ ತಿಂಗಳಲ್ಲಿ ಅಂಥ ಒಂದು ಶೆಡ್ಡಿನಲ್ಲಿ ಅರ್ಧ ದಿನ ನಿಂತು ನೋಡಿದ್ದೇನೆ. ಗೊಂಚಲುಗಳನ್ನು ಕ್ರೇಟಿನ ಸಮೇತ ಒಂದು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ನೀರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ್ದು. ದ್ರಾಕ್ಷಿಯ ಮೇಲೆ ಮೇಣದಂಥ ತೆಳು ಪದರ ಇರುತ್ತದಲ್ಲ, ಇದು ಅದನ್ನು ಸಡಿಲ ಮಾಡಿ ನೀರು ಹೊರಬರಲು ದಾರಿ ಕೊಡುತ್ತದೆ. ಇದೇನೂ ಹೊಸ ವಿದ್ಯೆ ಅಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮನ್ ಕೃಷಿ ಬರಹಗಾರ ಕೊಲುಮೆಲ್ಲಾ ಬೂದಿ ನೀರು ಕುದಿಸಿ, ಅದಕ್ಕೆ ಒಳ್ಳೇ ಎಣ್ಣೆ ಬಿಟ್ಟು ದ್ರಾಕ್ಷಿ ಅದ್ದಿ ಎಂದು ಬರೆದಿದ್ದಾನೆ. ಬೂದಿಯಲ್ಲಿ ಇರುವುದೂ ಅದೇ ಪೊಟ್ಯಾಸಿಯಂ ಕಾರ್ಬೊನೇಟ್. ಅದ್ದಿದ ದ್ರಾಕ್ಷಿಯನ್ನು ಒಂದರ ಮೇಲೊಂದು ಕಟ್ಟಿದ ಜಾಲರಿಗಳ ಮೇಲೆ ಹರಡುತ್ತಾರೆ. ನೆರಳು, ಬಿಸಿ ಗಾಳಿ, ಎರಡು ವಾರದ ಮೇಲೆ ಕೆಲವು ದಿನ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಂದು ಕಿಲೋಗೆ ಬಂದು ನಿಲ್ಲುತ್ತದೆ.

ಅಲ್ಲಿ ಯಾರೂ ನೆಮ್ಮದಿಯಾಗಿ ಇರಲಿಲ್ಲ. ಮಾತಿನ ನಡುವೆ ಎಲ್ಲರ ಕಣ್ಣೂ ಪಶ್ಚಿಮಕ್ಕೆ. ಮಾರ್ಚ್, ಏಪ್ರಿಲ್‌ನ ಅಡ್ಡಮಳೆ ಬಿದ್ದರೆ, ಮಳೆ ಬೇಡ, ಮೋಡ ಮುಚ್ಚಿ ತೇವ ಏರಿದರೂ ಸಾಕು, ಹಸಿರು ಬಂಗಾರದ ಬಣ್ಣ ಕಂದಿ ಕಪ್ಪಾಗುತ್ತದೆ. ಬಣ್ಣ ಹೋದರೆ ದರ ಹೋಯಿತು. ಒಣಗಿದ ಮಾಲನ್ನು ಎಷ್ಟೋ ಜನ ಸಾಂಗ್ಲಿ, ತಾಸಗಾಂವ್ ಪೇಟೆಗೆ ಒಯ್ಯುತ್ತಾರೆ. ಅಲ್ಲಿ ಹರಾಜಿನಲ್ಲಿ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಹರಡಿ, ಬಣ್ಣ ನೋಡಿ ದರ ಕೂಗುತ್ತಾರೆ. ಒಂದು ವರ್ಷದ ದುಡಿಮೆಗೆ ಅಷ್ಟು ಹೊತ್ತು.

ಸಂಜೆ ಆಗುತ್ತಿದ್ದಂತೆ ಗಾಳಿ ತಿರುಗಿತು. ಶೆಡ್ಡಿನ ಯಜಮಾನರು, ನನ್ನ ದೂರದ ಸಂಬಂಧಿ, ಚಹಾ ಕಪ್ಪು ಅರ್ಧಕ್ಕೆ ಇಟ್ಟು ಎದ್ದರು. "ತಾಡಪಾಲ ಇಳಸ್ರೋ," ಅಂದರು. ನಾಲ್ಕೈದು ಜನ ಎರಡೂ ಕಡೆ ಓಡಿ ಹಗ್ಗ ಬಿಚ್ಚಿದರು. ಅಜ್ಜಿಯೊಬ್ಬರು ಕೆಳಗಿನ ಜಾಲರಿಯಿಂದ ಒಂದು ದ್ರಾಕ್ಷಿ ತೆಗೆದು, ಬೆರಳಲ್ಲಿ ಹಿಚುಕಿ, ಬಾಯಿಗೆ ಹಾಕಿಕೊಂಡರು. "ಇನ್ನೂ ಐದ್ ದಿನಾ ಬೇಕ್ರಿ," ಅಂತ ಹೇಳಿ ಮತ್ತೆ ಆಕಾಶ ನೋಡಿದರು.