ಎಲಿಮೆಂಟಲ್ ಕ್ಯಾಲ್ಸಿಯಂ: 1250ರ ಮಾತ್ರೆಯೊಳಗೆ 500 ಎಲ್ಲಿದೆ?

ಉಡುಪಿಯಲ್ಲಿರುವ ನಮ್ಮ ದೊಡ್ಡಮ್ಮ ಕಳೆದ ಮಳೆಗಾಲದಲ್ಲಿ ಮೆಡಿಕಲ್‌ನವನ ಹತ್ತಿರ ಜಗಳ ಮಾಡಿಕೊಂಡು ಬಂದಿದ್ದರು. "ನೋಡು ಮಾರಾಯ್ತಿ, ಡಾಕ್ಟರು ಬರೆದದ್ದು ಐನೂರು, ಇವನು ಕೊಟ್ಟದ್ದು ಸಾವಿರದ ಇನ್ನೂರೈವತ್ತು" ಎಂದು ಖಾಲಿ ಸ್ಟ್ರಿಪ್ಪನ್ನು ನನ್ನ ಕೈಗೆ ಕೊಟ್ಟರು. ಒಳಗಿದ್ದ ಮಾತ್ರೆಗಳನ್ನು ಅಷ್ಟರಲ್ಲೇ ಅಡಕತ್ತರಿಯಲ್ಲಿ ಎರಡೆರಡು ತುಂಡು ಮಾಡಿ ಡಬ್ಬಿಗೆ ಹಾಕಿಟ್ಟಿದ್ದರು.

ಸ್ಟ್ರಿಪ್ಪನ್ನು ತಿರುಗಿಸಿ ಬೆಳಕಿಗೆ ಹಿಡಿದರೆ ಸಣ್ಣ ಅಕ್ಷರಗಳಲ್ಲಿ ಉತ್ತರವಿತ್ತು: ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ, ಅದು ಎಲಿಮೆಂಟಲ್ ಕ್ಯಾಲ್ಸಿಯಂ 500 ಮಿ.ಗ್ರಾಂಗೆ ಸಮ. ಡಾಕ್ಟರು ಬರೆದದ್ದೂ ಸರಿ, ಅಂಗಡಿಯವನು ಕೊಟ್ಟದ್ದೂ ಸರಿ. ತುಂಡು ಮಾಡಿದ್ದರಿಂದ ದೊಡ್ಡಮ್ಮನಿಗೆ ಸಿಗುತ್ತಿದ್ದದ್ದು ಬರೀ 250.

ಕ್ಯಾಲ್ಸಿಯಂ ಒಂದು ಲೋಹ. ಶುದ್ಧ ರೂಪದಲ್ಲಿ ನೀರು ತಾಗಿದರೆ ಸಾಕು, ಗುಳ್ಳೆಯೇಳುತ್ತದೆ. ನುಂಗುವ ಮಾತು ದೂರವೇ ಉಳಿಯಿತು. ಅದಕ್ಕೇ ಮಾತ್ರೆಯಲ್ಲಿ ಅದು ಯಾವಾಗಲೂ ಇನ್ನೊಂದಕ್ಕೆ ಅಂಟಿಕೊಂಡು ಲವಣವಾಗಿ ಇರುತ್ತದೆ. ಆ ಜೊತೆಗಾರನ ತೂಕ ಕಳೆದರೆ ಉಳಿಯುವ ಅಸಲು ಕ್ಯಾಲ್ಸಿಯಮ್ಮೇ ಎಲಿಮೆಂಟಲ್ ಕ್ಯಾಲ್ಸಿಯಂ. ಅಡಿಕೆ ಬೆಳೆಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಸಿಪ್ಪೆ ಸಮೇತ ತೂಗಿದರೆ ಒಂದು ಲೆಕ್ಕ, ಸುಲಿದ ಮೇಲೆ ಇನ್ನೊಂದು. ಡಾಕ್ಟರು ಹೇಳುವುದು ಸುಲಿದ ಅಡಿಕೆಯ ಲೆಕ್ಕ.

ಸಿಪ್ಪೆ ಎಷ್ಟು ದಪ್ಪ ಎನ್ನುವುದು ಲವಣದ ಮೇಲೆ ನಿಂತಿದೆ. ಕಾರ್ಬೊನೇಟ್‌ನಲ್ಲಿ ನೂರಕ್ಕೆ 40 ಪಾಲು ಕ್ಯಾಲ್ಸಿಯಂ, ಸಿಟ್ರೇಟ್‌ನಲ್ಲಿ ಸುಮಾರು 21. ಅಂದರೆ 1000 ಮಿ.ಗ್ರಾಂ ಸಿಟ್ರೇಟ್ ಮಾತ್ರೆಯಲ್ಲಿ ಸಿಗುವುದು ಸುಮಾರು 210. "ಅದಿಲ್ಲ, ಇದೇ ಇರುವುದು" ಎಂದು ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಟ್ಟಾಗ ನೋಡಬೇಕಾದದ್ದು ಈ ಅಂಕೆಯನ್ನೇ.

ಹಾಗೆಂದು ಕಾರ್ಬೊನೇಟೇ ಮೇಲು ಎಂದೂ ಅಲ್ಲ. ನೇತ್ರಾವತಿ ಹೊಳೆಯ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪೂ ಬಹುಪಾಲು ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸುಟ್ಟು ನೀರು ಹಾಕಿದರೆ ಸುಣ್ಣ. (ಚಿಪ್ಪನ್ನು ಮನೆಯಲ್ಲೇ ಪುಡಿ ಮಾಡಿ ತಿನ್ನುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಶುದ್ಧೀಕರಿಸದ ಚಿಪ್ಪಿನಲ್ಲಿ ಸೀಸ ಇರಬಹುದು.) ಚಿಪ್ಪಿನ ಮೇಲೆ ಲಿಂಬೆರಸ ಹಿಂಡಿದರೆ ನೊರೆಯೇಳುತ್ತದಲ್ಲ, ಕಾರ್ಬೊನೇಟ್ ಮಾತ್ರೆ ಕರಗುವುದಕ್ಕೂ ಹೊಟ್ಟೆಯಲ್ಲಿ ಹಾಗೆಯೇ ಆಮ್ಲ ಬೇಕು. ಆಮ್ಲ ಚೆನ್ನಾಗಿ ಊರುವುದು ಊಟ ಮಾಡಿದಾಗ. ಆದ್ದರಿಂದ ಕಾರ್ಬೊನೇಟನ್ನು ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ತೆಗೆದುಕೊಳ್ಳಬೇಕು. ಸಿಟ್ರೇಟ್‌ಗೆ ಈ ಹಂಗಿಲ್ಲ. ಗ್ಯಾಸ್ಟ್ರಿಕ್‌ಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗುವವರ ಹೊಟ್ಟೆಯಲ್ಲಿ ಆಮ್ಲವೇ ಕಡಿಮೆ; ಅವರಿಗೆ ಸಿಟ್ರೇಟ್ ಹೊಂದಬಹುದೇ ಎಂದು ಡಾಕ್ಟರನ್ನು ಕೇಳುವುದು ಒಳ್ಳೆಯದು.

ಇನ್ನು, ಒಂದು ಸಲಕ್ಕೆ ಎಷ್ಟು? ಎಲಿಮೆಂಟಲ್ ಲೆಕ್ಕದಲ್ಲಿ 500 ಮಿ.ಗ್ರಾಂ ದಾಟಿದರೆ ಕರುಳು ಹೀರುವ ಪಾಲು ಇಳಿಯುತ್ತದೆ. ಬೆಳಿಗ್ಗೆ ಮರೆತದ್ದನ್ನು ರಾತ್ರಿಯದಕ್ಕೆ ಸೇರಿಸಿ ಎರಡು ನುಂಗಿದರೆ ದೊಡ್ಡ ಲಾಭವಿಲ್ಲ, ಮಲಬದ್ಧತೆ ಮಾತ್ರ ಬರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದಂತೆ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಬೇಕು. ಇದು ಊಟವೂ ಸೇರಿದ ಲೆಕ್ಕ, ಎಲ್ಲವನ್ನೂ ಮಾತ್ರೆಯಿಂದ ತುಂಬಿಸಬೇಕೆಂದಲ್ಲ. ಒಂದು ಲೋಟ ಹಾಲಿನಲ್ಲೇ 240ರಷ್ಟು ಬರುತ್ತದೆ. ಮುಳ್ಳು ಸಮೇತ ಜಗಿದು ತಿನ್ನುವ ಸಣ್ಣ ಬೂತಾಯಿ ಮೀನು, ರಾಗಿ, ಎಳ್ಳು, ನುಗ್ಗೆಸೊಪ್ಪು ಇವೂ ಇವೆ. ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ಮಾತ್ರ, ಹೊಗಳುವಷ್ಟು ಕ್ಯಾಲ್ಸಿಯಂ ಇಲ್ಲ.

ದೊಡ್ಡಮ್ಮನ ನಿಜವಾದ ತಪ್ಪು ಅಡಕತ್ತರಿಯದ್ದಲ್ಲ, ಬೆಳಗಿನ ಚಹಾದ್ದು. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಅರ್ಧ ಕ್ಯಾಲ್ಸಿಯಂ, ಮೂರನ್ನೂ ಒಟ್ಟಿಗೆ ಅಂಗೈಯಲ್ಲಿಟ್ಟು ಚಹಾದ ಒಂದೇ ಗುಟುಕಿಗೆ ನುಂಗುತ್ತಿದ್ದರು. ಕ್ಯಾಲ್ಸಿಯಂ ಥೈರಾಯ್ಡ್ ಔಷಧಿಯನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಕಬ್ಬಿಣಕ್ಕೂ ಅದು ಅಡ್ಡಗಾಲು. ಬಸುರಿಯರಿಗೆ ಸರಕಾರ ಕೊಡುವ ಎರಡೂ ಮಾತ್ರೆಗಳನ್ನು ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಿ ಎನ್ನುವುದು ಇದಕ್ಕೇ. ಸಿಪ್ರೊಫ್ಲಾಕ್ಸಸಿನ್, ಟೆಟ್ರಾಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್‌ಗಳ ಕತೆಯೂ ಇದೇ. ಕಿಡ್ನಿಯಲ್ಲಿ ಕಲ್ಲಾಗಿದ್ದವರು, ಕಿಡ್ನಿ ತೊಂದರೆ ಇರುವವರು, ಬಿಪಿಗೆಂದು ಥಯಾಜೈಡ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕ್ಯಾಲ್ಸಿಯಂ ಶುರುಮಾಡಬಾರದು.

ಈಗ ದೊಡ್ಡಮ್ಮ ಎದ್ದ ಕೂಡಲೇ ಬರಿಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನದ ಊಟಕ್ಕೆ ಇಡೀ ಕ್ಯಾಲ್ಸಿಯಂ, ರಾತ್ರಿಗೆ ಕಬ್ಬಿಣ ಎಂದು ಡಾಕ್ಟರ ಹತ್ತಿರವೇ ಬರೆಸಿಕೊಂಡು ಬಂದಿದ್ದಾರೆ. ತುಂಡಾದವುಗಳನ್ನು ಎಸೆಯಲು ಮನಸ್ಸಾಗದೆ, ಮುಗಿಯುವವರೆಗೆ ಎರಡೆರಡು ತುಂಡು ಜೋಡಿಸಿ ನುಂಗಿದರು.